ಒಟ್ಟಿಗೆ ಓದೋಕೆ ಯಾವುದು ಚೆನ್ನ: ವಾಟ್ಸಾಪ್, ಟೆಲಿಗ್ರಾಂ, ಮೀಟ್

ವಿಜಯಪುರ, ಇಂಡಿ, ಸಿಂದಗಿ, ಜಮಖಂಡಿ ಕಡೆಯ ಓದುಗರ ಒಂದು ಸಣ್ಣ ಬಳಗ ನಮ್ಮದು. ಬ್ಯಾಂಕಿನವರು, ಶಾಲೆ ಮಾಸ್ತರರು, ಮನೆ ನೋಡಿಕೊಳ್ಳುವ ಅಕ್ಕಂದಿರು, ದ್ರಾಕ್ಷಿ ತೋಟದ ಒಬ್ಬ ಕಾಕಾ ಎಲ್ಲರೂ ಇದ್ದಾರೆ. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರು. ಪುಸ್ತಕದ ಮಾತಿಗೆ ಅಂತ ವಾರ ವಾರ ಬಸ್ಸು ಹತ್ತಿ ಬನ್ನಿ ಅನ್ನೋಕಾಗಲ್ಲ. ಹಾಗಾಗಿ ಎಲ್ಲ ಫೋನಿನಲ್ಲೇ. ವಾಟ್ಸಾಪ್, ಟೆಲಿಗ್ರಾಂ, ಗೂಗಲ್ ಮೀಟ್ ಮೂರರಲ್ಲೂ ಪುಸ್ತಕ ಹಿಡಿದು ಓದಿ ನೋಡಿದ್ದೇವೆ.

ಮೂರನ್ನೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ನಿಧಾನ ಓದುವವರು ಅಲ್ಲಿ ಉಳಿಯುತ್ತಾರಾ? ಎರಡು ದಿನಕ್ಕೊಂದು ಪುಸ್ತಕ ಮುಗಿಸುವವರಿಗೆ ಬಳಗ ಇರಲಿ ಬಿಡಲಿ, ಓದು ನಡೆದೇ ನಡೆಯುತ್ತದೆ. ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸಿ, ಆಮೇಲೆ ನಾಲ್ಕು ಪುಟ ತಿರುವುವವರಿಗೆ ಜೊತೆ ಬೇಕು. ಅವರು ಬಿಟ್ಟು ಹೋದರೆ ಬಳಗ ಇದ್ದೂ ಇಲ್ಲದ ಹಾಗೆ ಅಂತ ನಾನು ನಂಬಿದ್ದೇನೆ.

ವಾಟ್ಸಾಪಿನ ದೊಡ್ಡ ಅನುಕೂಲ ಎಲ್ಲರಿಗೂ ಗೊತ್ತಿರುವುದೇ. ಯಾರಿಗೂ ಏನೂ ಕಲಿಸಬೇಕಿಲ್ಲ. ಒಂದು ಗುಂಪಿಗೆ 1024 ಜನರನ್ನು ಸೇರಿಸಬಹುದು. ಆದರೆ ಓದಿನ ಮಾತಿಗೆ ಅಷ್ಟು ಜನ ಬೇಡವೇ ಬೇಡ. ಮೂವತ್ತು ನಲವತ್ತು ದಾಟಿತು ಅಂದ್ರೆ ಶುಭೋದಯದ ಚಿತ್ರ, ಹಬ್ಬದ ಹಾರೈಕೆ, ಫಾರ್ವರ್ಡ್ ವಿಡಿಯೋ ಶುರು. ಹಬ್ಬದ ಹಾರೈಕೆ ಕೆಟ್ಟದ್ದೇನಲ್ಲ, ಆದರೆ ಅದರ ಕೆಳಗೆ ಯಾರೋ ಕಷ್ಟಪಟ್ಟು ಬರೆದ ಎರಡು ಸಾಲು ಹೂತು ಹೋಗುತ್ತದೆ. ಹಾಗೆ ಹೂತು ಹೋದರೆ ಅವರು ಮತ್ತೆ ಬರೆಯುವುದಿಲ್ಲ.

ಇನ್ನೊಂದು ತೊಂದರೆ, ಕಥೆ ಮೊದಲೇ ಬಯಲಾಗುವುದು. ಬೇಗ ಓದಿದವರು ಖುಷಿಯಲ್ಲಿ ಕೊನೆ ಹೇಳಿಬಿಡುತ್ತಾರೆ. ನಮ್ಮಲ್ಲಿ ಒಬ್ಬ ಅಕ್ಕ ಬೇಡಿಕೊಂಡೇಬಿಟ್ಟರು: "ಅಣ್ಣಾರ, ಮುಂದಿಂದು ಹೇಳಬ್ಯಾಡ್ರಿ. ನಾ ಇನ್ನಾ ಆರನೇ ಅಧ್ಯಾಯದಾಗ ಅದೇನ್ರಿ." ಅದಕ್ಕೆ ಬಳಗದವರೇ ಒಂದು ಉಪಾಯ ಕಂಡುಕೊಂಡರು. ಮೊದಲು ಪುಟದ ಸಂಖ್ಯೆ ಬರೆಯುವುದು. ಆಮೇಲೆ ಸಾಲಿಗೊಂದರಂತೆ ಬರೀ ಚುಕ್ಕಿ ಇಡುತ್ತಾ ಕೆಳಗೆ ಇಳಿದು, ಅಲ್ಲಿ ಹೇಳಬೇಕಾದ್ದನ್ನು ಬರೆಯುವುದು. ಮೆಸೇಜು ಉದ್ದವಾದಾಗ ವಾಟ್ಸಾಪ್ ಅದನ್ನು ಮಡಚಿ ಇಡುತ್ತದಲ್ವಾ? ಪುಟದ ಸಂಖ್ಯೆ ನೋಡಿ, ಅಲ್ಲಿಗೆ ಮುಟ್ಟಿದವರು ಮಾತ್ರ ತೆರೆದು ಓದುತ್ತಾರೆ.

ವಾಟ್ಸಾಪ್ ಗೆದ್ದಿದ್ದು ಧ್ವನಿ ಸಂದೇಶದಲ್ಲಿ. ತೋಟದ ಕಾಕಾಗೆ ಟೈಪ್ ಮಾಡುವುದು ಆಗಿಬರುವುದಿಲ್ಲ, ಅಕ್ಷರ ಸಣ್ಣ, ಕನ್ನಡಕ ಮನೆಯಲ್ಲಿ. ಅದಕ್ಕೇ ಬಹಳ ದಿನ ಸುಮ್ನೆ ಇದ್ದರು. ಒಮ್ಮೆ ಮೈಕಿನ ಗುಂಡಿ ಒತ್ತಿ ಮಾತಾಡಿದರು, ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. ಕಥೆಯಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ಭಾಗ. "ಬಾವಿ ಯಾರ ಪಾಲಿಗೆ ಬಂತು ಅಂತ ಲೇಖಕರು ಬರದೇ ಇಲ್ಲ ನೋಡ್ರಿ. ಜಗಳದ ಬೇರು ಅಲ್ಲೇ ಇರತೈತಿ" ಅಂದರು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಆ ವಾರವೆಲ್ಲ ಬಾವಿಯದೇ ಮಾತು. ಒಬ್ಬೊಬ್ಬರೂ ತಮ್ಮ ಮನೆತನದ ಹೊಲ, ನೀರಿನ ಸರದಿ, ಮುರಿದ ಸಂಬಂಧ ಎಲ್ಲ ಹೇಳಿಕೊಂಡರು. ಟೈಪ್ ಮಾಡುವವರದೇ ರಾಜ್ಯ ಆಗಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಟೆಲಿಗ್ರಾಂ ವಿಷಯ ಬೇರೆ. ಸವಲತ್ತು ನೋಡಿದರೆ ಓದುಗರಿಗೆಂದೇ ಮಾಡಿದ ಹಾಗಿದೆ. ಒಂದೇ ಗುಂಪಿನೊಳಗೆ ಪ್ರತಿ ಪುಸ್ತಕಕ್ಕೂ ಬೇರೆ ವಿಭಾಗ ಮಾಡಬಹುದು. ಹೊಸದಾಗಿ ಸೇರಿದವರಿಗೆ ಹಳೆಯ ಮಾತೆಲ್ಲ ಕಾಣುವಂತೆ ಇಡಬಹುದು. ಕಥೆ ಬಿಟ್ಟುಕೊಡುವ ಸಾಲನ್ನು ಆರಿಸಿ ಸ್ಪಾಯ್ಲರ್ ಅಂತ ಒತ್ತಿದರೆ ಅದು ಮಸುಕಾಗುತ್ತದೆ, ಬೇಕಾದವರು ಬೆರಳಿಟ್ಟರೆ ಮಾತ್ರ ಕಾಣುತ್ತದೆ. ಚುಕ್ಕಿಗಳ ಮೆರವಣಿಗೆ ಬೇಕಾಗಿಲ್ಲ.

ಇಷ್ಟಿದ್ದೂ ನಮ್ಮ ಬಳಗ ಅಲ್ಲಿ ಬೇರೂರಲಿಲ್ಲ. ಅಕ್ಕಂದಿರ ಫೋನಿನಲ್ಲಿ ಇನ್ನೊಂದು ಆ್ಯಪಿಗೆ ಜಾಗ ಇಲ್ಲ, ಹಾಕಿಕೊಂಡರೂ ತೆರೆದು ನೋಡುವ ರೂಢಿ ಇಲ್ಲ. ಬೇಗ ಓದುವವರು ನಾಲ್ಕೈದು ಜನ ಅಲ್ಲಿ ಚೆನ್ನಾಗಿ ಬರೆದರು, ಉಳಿದವರು ನಿಧಾನಕ್ಕೆ ಕಾಣದಾದರು.

ಜೊತೆಗೆ ಪಿಡಿಎಫ್ ಕಾಟ. ಅಲ್ಲಿ 2 ಜಿಬಿ ತನಕದ ಫೈಲು ಕಳಿಸಬಹುದು, ಹಾಗಾಗಿ ಮೊನ್ನೆ ಮೊನ್ನೆ ಬಂದ ಪುಸ್ತಕಗಳ ಸ್ಕ್ಯಾನ್ ಪ್ರತಿ ಹರಿದಾಡುತ್ತವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಕನ್ನಡ ಪುಸ್ತಕ ಸಾವಿರ ಪ್ರತಿ ಮಾರಾಟವಾದರೆ ದೊಡ್ಡದು ಅನ್ನುವ ಕಾಲ ಇದು. ಬರೆದವರ ಹೊಟ್ಟೆಗೆ ಹೊಡೆದು ಅವರ ಪುಸ್ತಕದ ಬಗ್ಗೆ ಪ್ರೀತಿಯಿಂದ ಮಾತಾಡಿ ಏನು ಬಂತು? ನಮ್ಮ ದೇಶದ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆಮೇಲೆ ಯಾರು ಬೇಕಾದರೂ ಹಂಚಬಹುದು. ನಮ್ಮ ವಿಜಯಪುರದಲ್ಲಿದ್ದು ವಚನಗಳಿಗಾಗಿ ಜೀವ ತೇದ ಫ.ಗು. ಹಳಕಟ್ಟಿಯವರು ತೀರಿಕೊಂಡಿದ್ದು 1964ರಲ್ಲಿ. ಅಂದರೆ 2025ರಿಂದ ಅವರ ಬರವಣಿಗೆ ಎಲ್ಲರಿಗೂ ಮುಕ್ತ. ಅಂಥದ್ದನ್ನು ಧಾರಾಳವಾಗಿ ಹಂಚೋಣ. ಹೊಸದನ್ನು ಕೊಂಡು ಓದೋಣ, ಇಲ್ಲಾ ಗ್ರಂಥಾಲಯದಿಂದ ತರೋಣ. ಪ್ರತಿ ಸಿಗದಿದ್ದರೆ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸುತ್ತೇವೆ, ಅದೂ ಒಂದು ಸಂತೋಷ.

ಈಗ ಮೀಟ್. ಮೊದಲು ಇದನ್ನು ಚರ್ಚೆಗೆ ಬಳಸಿದೆವು. ಸರಿ ಬರಲಿಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಯಾರದೂ ಕೇಳಲ್ಲ, ಮಾತಿನ ಅಭ್ಯಾಸ ಇದ್ದವರೇ ಮಾತಾಡುತ್ತಾರೆ, ಉಳಿದವರು ಮೈಕು ಮುಚ್ಚಿಕೊಂಡು ಕೂರುತ್ತಾರೆ. ಆಮೇಲೆ ಚರ್ಚೆ ಬಿಟ್ಟು, ಅಲ್ಲೇ ಗಟ್ಟಿಯಾಗಿ ಓದುವುದು ಅಂತ ಮಾಡಿದೆವು. ನಮ್ಮ ಕಡೆ ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರಲ್ಲ, ಒಬ್ಬರು ಓದುತ್ತಾರೆ, ಊರೆಲ್ಲ ಕೇಳುತ್ತದೆ. ಕೂತು ಕೇಳುವುದು ನಮಗೆ ಹೊಸದಲ್ಲ.

ವಾರಕ್ಕೊಂದು ದಿನ, ರಾತ್ರಿ ಒಂಬತ್ತೂವರೆಗೆ ಶುರು. ಕ್ಯಾಮೆರಾ ಕಡ್ಡಾಯ ಅಲ್ಲ, ಇದು ಮುಖ್ಯ. ಮನೆಗೆಲಸ ಮುಗಿಸಿ ಬಂದವರು ಮುಖ ತೋರಿಸಬೇಕು ಅಂದರೆ ಬರುವುದೇ ಇಲ್ಲ. ಪಾತ್ರೆ ತಿಕ್ಕುತ್ತಾ ಕೇಳುವವರೂ ಇದ್ದಾರೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಪುಕ್ಕಟೆ ಮೀಟ್ 60 ನಿಮಿಷಕ್ಕೆ ನಿಲ್ಲುತ್ತದೆ, ಜೂಮ್ ಆದರೆ 40ಕ್ಕೇ. ಒಂದು ಗಂಟೆ ನಮಗೆ ಸರಿಯಾಗಿ ಸಾಕು. ಅಷ್ಟರಲ್ಲಿ ಹದಿನೈದು ಇಪ್ಪತ್ತು ಪುಟ ಆಗುತ್ತದೆ. ಇನ್ನೂರು ಪುಟದ ಕಾದಂಬರಿಗೆ ಹತ್ತಿರ ಹತ್ತಿರ ಮೂರು ತಿಂಗಳು. ನಿಧಾನ ಅನಿಸಬಹುದು. ಆದರೆ ಶುರು ಮಾಡಿದ ಎಲ್ಲರೂ ಒಟ್ಟಿಗೆ ಕೊನೆ ಪುಟ ಮುಟ್ಟಿದ್ದು ಇದರಲ್ಲಿ ಮಾತ್ರ. ಯಾರೂ ಮುಂದೆ ಇಲ್ಲ, ಯಾರೂ ಹಿಂದೆ ಇಲ್ಲ. ಕೊನೆ ಬಯಲಾಗುವ ಭಯವೂ ಇಲ್ಲ.

ಗಟ್ಟಿಯಾಗಿ ಓದಿದಾಗ ಪುಸ್ತಕವೇ ಬದಲಾಗುತ್ತದೆ. ಒಂದು ಕಥೆಯಲ್ಲಿ ಅತ್ತೆ ಸೊಸೆಗೆ "ಈಗ ಎದ್ದೆಯೇನ?" ಅಂತ ಕೇಳುತ್ತಾಳೆ. ಅತ್ತೆ ಗಯ್ಯಾಳಿ ಅಂತ ವಾಟ್ಸಾಪಿನಲ್ಲಿ ಆಗಲೇ ತೀರ್ಪು ಬರೆದಾಗಿತ್ತು. ಅದೇ ಸಾಲನ್ನು ಇಂಡಿ ಕಡೆಯ ಅಕ್ಕ ಮೀಟ್‌ನಲ್ಲಿ ಓದಿದರು. ಕೊನೆಯ ಅಕ್ಷರ ಸ್ವಲ್ಪ ಎಳೆದರು, ಧ್ವನಿ ತಗ್ಗಿಸಿದರು. ರಾತ್ರಿಯೆಲ್ಲ ಕೂಸು ಅತ್ತಿದೆ, ಸೊಸೆ ನಿದ್ದೆಗೆಟ್ಟಿದ್ದಾಳೆ, ಅತ್ತೆಗೆ ಅದು ಗೊತ್ತಿದೆ, ಇಷ್ಟೂ ಆ ಒಂದು ಎಳೆತದಲ್ಲಿ ಬಂತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬೆಂಗಳೂರಿನಿಂದ ಸೇರಿಕೊಂಡಿದ್ದ ತಂಗಿ "ಅಕ್ಕಾ, ಇನ್ನೊಂದ್ಸಲ ಓದ್ತೀರಾ ಪ್ಲೀಸ್" ಅಂದಳು. ನಮ್ಮ ಮಾತನ್ನು ಅಚ್ಚಿನಲ್ಲಿ ಇಳಿಸುವುದು ಎಷ್ಟು ಕಷ್ಟ, ಅದನ್ನು ಬಾಯಿಗೆ ತರುವುದು ಎಷ್ಟು ಮುಖ್ಯ ಅಂತ ನನಗೆ ಅವತ್ತು ಮನಸ್ಸಿಗೆ ನಾಟಿತು.

ನಮ್ಮ ಜಿಲ್ಲೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಜೊತೆಗಾರರು, ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡು ಕನ್ನಡಕ್ಕೆ ಕೊಟ್ಟರು. ಆ ಕೆಲಸ ಶುರುವಾಗಿದ್ದು ಕಿವಿಯಿಂದ. ಗೆಳೆತನ ಮತ್ತು ಸಾಹಿತ್ಯ ಬೇರೆ ಬೇರೆ ಅಂತ ಅವರಿಗೆ ಅನಿಸಿರಲಿಕ್ಕಿಲ್ಲ. ಅಂಥವರು ಓಡಾಡಿದ ನೆಲದಲ್ಲಿ ಇದ್ದುಕೊಂಡು ಬರೀ ಇಮೋಜಿಯಲ್ಲಿ ಪುಸ್ತಕದ ಮಾತು ಮುಗಿಸುವುದು ನನ್ನಿಂದ ಆಗುವುದಿಲ್ಲ.

ಮೀಟ್‌ಗೂ ಕೊರತೆ ಇದೆ. ಮಳೆ ಗಾಳಿ ಬಂದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್ ಕೂಡ. ಓದುತ್ತಿದ್ದವರ ಧ್ವನಿ ಅರ್ಧ ವಾಕ್ಯಕ್ಕೆ ನಿಲ್ಲುತ್ತದೆ. ಅದಕ್ಕೆ ಇನ್ನೊಬ್ಬರು ಪುಸ್ತಕ ತೆರೆದು ತಯಾರಿರಬೇಕು. ಮತ್ತೆ, ಎಲ್ಲರಿಗೂ ಓದುವ ಸರದಿ ಬರಬೇಕು. ತಡವರಿಸಿ ಓದುವವರನ್ನು ನಡುವೆ ತಿದ್ದಬಾರದು. ಈ ಒಂದು ನಿಯಮದಲ್ಲಿ ನಾನು ಬಹಳ ಕಟ್ಟುನಿಟ್ಟು.

ಒಂದನ್ನೇ ಆರಿಸು ಅಂದರೆ ನಾನು ಮೀಟ್‌ನ ಆ ಒಂದು ಗಂಟೆಯನ್ನೇ ಉಳಿಸಿಕೊಳ್ಳುತ್ತೇನೆ. ಎರಡು ಇಟ್ಟುಕೊಳ್ಳಬಹುದು ಅಂದರೆ ಜೊತೆಗೆ ವಾಟ್ಸಾಪಿನ ಸಣ್ಣ ಗುಂಪು, ಧ್ವನಿ ಸಂದೇಶಕ್ಕೆ. ಈಗ ನಾವು ಮಾಡುತ್ತಿರುವುದೂ ಅದೇ. ಟೆಲಿಗ್ರಾಂನಲ್ಲಿ ಓದಿದ ಪುಸ್ತಕಗಳ ಪಟ್ಟಿ ಮತ್ತು ಹಳೆಯ ಟಿಪ್ಪಣಿ ಮಾತ್ರ ಇವೆ, ಹುಡುಕೋಕೆ ಸುಲಭ ಅಂತ.

ಹೊಸದಾಗಿ ಶುರು ಮಾಡುವವರು ಕಾದಂಬರಿ ಹಿಡಿಯಬೇಡಿ, ಕಥಾ ಸಂಕಲನ ತೆಗೆದುಕೊಳ್ಳಿ. ವಾರಕ್ಕೊಂದು ಕಥೆ ಮುಗಿಯುತ್ತದೆ, ಒಂದು ವಾರ ತಪ್ಪಿಸಿಕೊಂಡವರೂ ಮುಂದಿನ ವಾರ ಧೈರ್ಯವಾಗಿ ಬಂದು ಕೂರಬಹುದು. ಮೊದಲ ದಿನ ಯಾರು ಓದಬೇಕು ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ. ಆ ಮೊದಲ ಸರದಿಯನ್ನು ಬಳಗದಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರಿಗೆ ಕೊಡಿ.