ಬೀಡಿನ ಕಾವಲಿಯೋ, ನಾನ್‌ಸ್ಟಿಕ್ಕೋ?

ಮಣಿಪಾಲದಲ್ಲಿ ಹೊಸದಾಗಿ ಸಂಸಾರ ಹೂಡಿರುವ ತಂಗಿಯ ಮಗಳು ಯಾವ ಕಾವಲಿ ಕೊಳ್ಳಲಿ ಎಂದು ಕೇಳಿದ್ದಾಳೆ.

ಮೊದಲ ದಿನದಿಂದಲೇ ನೀರುದೋಸೆ ಹರಿಯದೆ ಏಳಬೇಕೆಂದರೆ ನಾನ್‌ಸ್ಟಿಕ್ ಸುಲಭ, ಹಗುರ. ಆದರೆ ಲೇಪಕ್ಕೆ ಆಯುಷ್ಯವಿದೆ: ಲೋಹದ ಸಟ್ಟುಗ ತಾಗಬಾರದು, ಖಾಲಿ ಕಾಯಿಸಬಾರದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡತೊಡಗುತ್ತದೆ. ಲೇಪ ಎದ್ದರೆ ಹೊಸದೇ ಗತಿ.

ಬೀಡಿನದು, ಅಂದರೆ ಎರಕದ ಕಬ್ಬಿಣದ್ದು, ಆರಂಭದಲ್ಲಿ ಸತಾಯಿಸುತ್ತದೆ. ಅಮ್ಮನಿಂದ ಬಂದ ನನ್ನ ಕಾವಲಿಯ ನಡುಭಾಗ ಈಗ ಕಪ್ಪು ಗಾಜಿನಂತೆ ನುಣುಪು. ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ ಹಿಟ್ಟು ಹೊಯ್ದರೆ ಜಾಲರಿಯಂತೆ ತೂತು ಮೂಡುತ್ತದೆ. ಆ ಕಪ್ಪು ನುಣುಪು ಎಣ್ಣೆ ಕಾದು ಕಾದು ಕಬ್ಬಿಣಕ್ಕೆ ಹತ್ತಿದ ಪದರ. ಹುಣಸೆಹುಳಿ ಕುದಿಸಿದರೆ ಸವೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ತೊಳೆದು ಹಾಗೆಯೇ ಇಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಇಡಬೇಕು. ತುಕ್ಕು ಬಂದರೂ ಉಜ್ಜಿ ಮತ್ತೆ ಪಳಗಿಸಬಹುದು. ಕೈಜಾರಿ ಬಿದ್ದರೆ ಮಾತ್ರ ಒಡೆದೀತು.

ಹಣದ ಲೆಕ್ಕ ಸರಳ: ಒಂದನ್ನು ಮತ್ತೆ ಮತ್ತೆ ಕೊಳ್ಳಬೇಕು, ಇನ್ನೊಂದನ್ನು ಒಮ್ಮೆ.

ಮಣಿಕಟ್ಟು ನೋವಿದ್ದವರಿಗೆ, ಅಪರೂಪಕ್ಕೆ ದೋಸೆ ಮಾಡುವವರಿಗೆ ನಾನ್‌ಸ್ಟಿಕ್ ಇರಲಿ. ದಿನವೂ ದೋಸೆ ಹೊಯ್ಯುವ ಮನೆಗೆ ಬೀಡಿನದು. ಮೀನು ಹುರಿಯುವುದಿದ್ದರೆ ಅದಕ್ಕೆ ಬೇರೆಯೇ ಕಾವಲಿ ಇಡು, ಮಗಳೇ.