ವಿನಿಟಾಲಿಯೋ, ಕಾಂತಿನೆ ಅಪೆರ್ತೆಯೋ?

ಇಟಲಿಯ ಪ್ರಾಂತ್ಯಗಳ ವೈನ್ ಸವಿಯೋಕೆ ಎರಡು ಒಳ್ಳೆ ದಾರಿ ಇವೆ. ಒಂದು, ವೆರೋನಾದಲ್ಲಿ 1967ರಿಂದ ನಡೆಯುತ್ತಿರುವ ವಿನಿಟಾಲಿ ಮೇಳ. ಈಗ ಅದು ಏಪ್ರಿಲ್‌ನಲ್ಲಿ ಇರುತ್ತದೆ. ಇನ್ನೊಂದು, 1993ರಲ್ಲಿ ಶುರುವಾದ ಕಾಂತಿನೆ ಅಪೆರ್ತೆ. ಮೇ ಕೊನೆಯ ವಾರಾಂತ್ಯ ವೈನ್ ಮಾಡುವವರೇ ತಮ್ಮ ವೈನರಿಯ ಬಾಗಿಲು ತೆರೆದಿಡುತ್ತಾರೆ.

ರುಚಿ ಹೋಲಿಸಿ ನೋಡೋಕೆ ವಿನಿಟಾಲಿಗೆ ಸಾಟಿ ಇಲ್ಲ. ಒಂದೊಂದು ಪ್ರಾಂತ್ಯಕ್ಕೂ ಅದರದೇ ಜಾಗ. ಪಿಯೆಮಾಂಟೆ ಪ್ರಾಂತ್ಯದ ಕೆಂಪು ವೈನ್ ಬರೋಲೊ ಗ್ಲಾಸಿನಲ್ಲಿ ತೆಳು ಬಣ್ಣ, ಅಂಚಿನಲ್ಲಿ ಇಟ್ಟಿಗೆ ಕೆಂಪು. ಬಾಯಿಗಿಟ್ಟರೆ ಅಡಿಕೆ ಜಗಿದಂಥ ಒಗರು, ಒಸಡನ್ನೇ ಹಿಡಿದುಕೊಳ್ಳುತ್ತದೆ! ಅಲ್ಲಿಂದ ವೆನೆಟೊ ಪ್ರಾಂತ್ಯದ ಜಾಗಕ್ಕೆ ನಡೆದು ಅಲ್ಲಿನ ಕೆಂಪು ವೈನ್ ಅಮರೋನೆ ಸವಿದರೆ ದಟ್ಟ, ಒಣದ್ರಾಕ್ಷಿಯ ಘಮ. ಕೊಯ್ದ ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿಯೇ ಅದನ್ನು ಮಾಡೋದು. ಸವಿದದ್ದನ್ನು ಉಗುಳಿ, ನಾಚಿಕೆ ಬೇಡ. ಇಲ್ಲದಿದ್ದರೆ ನಾಲ್ಕನೇ ಗ್ಲಾಸಿಗೆ ನಾಲಿಗೆ ಸೋಲುತ್ತದೆ.

ಆದರೆ ವಿನಿಟಾಲಿ ವೈನ್ ವ್ಯವಹಾರದವರಿಗೆ ಮಾತ್ರ. ಉಳಿದವರಿಗೆ ಅದೇ ಹೊತ್ತಿಗೆ ಊರೊಳಗೆ 'ವಿನಿಟಾಲಿ ಅಂಡ್ ದ ಸಿಟಿ' ಇರುತ್ತದೆ.

ಕಾಂತಿನೆ ಅಪೆರ್ತೆಯಲ್ಲಿ ದಿನಕ್ಕೆ ಎರಡು ಮೂರು ಕಡೆ ಹೋಗಬಹುದು, ಅಷ್ಟೇ. ಓಡಾಟವೂ ಜಾಸ್ತಿ. ಆದರೂ ಮೊದಲ ಸಲ ಹೋಗುವವರಿಗೆ ನಾನು ಹೇಳೋದು ಇದನ್ನೇ. ಬಳ್ಳಿ ಬೆಳೆದ ಮಣ್ಣಿನ ಮೇಲೆ ನಿಂತು, ಬೆಳೆದವರ ಕೈಯಿಂದಲೇ ಗ್ಲಾಸ್ ತಗೊಳ್ಳೋದು ಮೇಳದಲ್ಲಿ ಸಿಗಲ್ಲ ಅಲ್ವಾ?