ಹಬ್ಬದ ದಣಿವಿಗೆ ಅರ್ಧ ದಿನದ ಮದ್ದು: ಸಕ್ರೆಬೈಲು ಆನೆ ಬಿಡಾರ

ದೀಪಾವಳಿ ಮುಗಿದಿದೆ, ಬಂದ ನೆಂಟರಲ್ಲಿ ಅರ್ಧ ಜನ ಇನ್ನೂ ಮನೆಯಲ್ಲೇ ಇದ್ದಾರೆ, ಅಡುಗೆಮನೆಯಲ್ಲಿ ನಿಂತವರ ಸೊಂಟ ಬಿದ್ದುಹೋಗಿದೆ, ಮೇಲೊಂದು ಸರ್ಕಾರಿ ರಜೆ. ಇಂಥ ದಿನ ಜೋಗ, ಆಗುಂಬೆ ಅಂತ ಹೊರಟರೆ ಉಳಿದ ತ್ರಾಣವೂ ರಸ್ತೆಯಲ್ಲೇ ಹೋಗುತ್ತದೆ. ಶಿವಮೊಗ್ಗದವರಿಗೆ ಸಕ್ರೆಬೈಲೇ ಸರಿ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ., ಊಟದ ಹೊತ್ತಿಗೆ ಮನೆಗೆ ವಾಪಸ್.

ಆದರೆ ಇಲ್ಲಿ ಗಡಿಯಾರ ತಪ್ಪಿದರೆ ಏನೂ ಸಿಗುವುದಿಲ್ಲ. ಬಿಡಾರದ ಆನೆಗಳನ್ನು ಕಾಲಿಗೆ ಉದ್ದದ ಸರಪಳಿ ಬಿಟ್ಟು ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡಿಗೆ ಮೇಯಲು ಕಳಿಸುತ್ತಾರೆ. ಬೆಳಗಾದರೆ ಮಾವುತರು, ಕಾವಾಡಿಗಳು ಸರಪಳಿ ಎಳೆದ ಗುರುತು ಹಿಡಿದು ಹೋಗಿ ಹುಡುಕಿ ತರಬೇಕು. ತುಂಗೆಯ ಹಿನ್ನೀರಿನಲ್ಲಿ ಸ್ನಾನ, ಆಮೇಲೆ ಮೇವು, ಮತ್ತೆ ಕಾಡು. ಹಾಗಾಗಿ ಜನರಿಗೆ ಕಾಣಸಿಗುವುದು ಸುಮಾರು ಎಂಟೂವರೆಯಿಂದ ಹನ್ನೊಂದರವರೆಗೆ ಮಾತ್ರ. ನಿಧಾನಕ್ಕೆ ತಿಂಡಿ ಮುಗಿಸಿ ಹನ್ನೆರಡಕ್ಕೆ ಬಂದವರಿಗೆ ಬರೀ ದಂಡೆ. ಏಳೂಮುಕ್ಕಾಲಿಗೆ ಮನೆ ಬಿಡಿ. ದಸರಾ ರಜೆಯಾದರೆ ಇನ್ನೊಂದು ವಿಷಯ: ಶಿವಮೊಗ್ಗದ ಜಂಬೂಸವಾರಿಗೆ ಇಲ್ಲಿಂದಲೇ ಆನೆಗಳು ಹೋಗುವುದರಿಂದ ಆಗ ಕೆಲವು ಇರುವುದಿಲ್ಲ.

ನೋಡಬೇಕಾದ್ದು ಸ್ನಾನವನ್ನೇ. ಮಾವುತ ಹೇಳಿದ ಕೂಡಲೇ ಆನೆ ನೀರಿನಲ್ಲಿ ಮಗ್ಗುಲಾಗುತ್ತದೆ. ತಲೆ ಮುಳುಗಿದರೂ ಸೊಂಡಿಲ ತುದಿಯೊಂದು ಮೇಲಿರುತ್ತದೆ, ಉಸಿರಿಗೆ. ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ಉಜ್ಜುವ ಕೈಯನ್ನು ಗಮನಿಸಿ. ಕೊಳೆ ತೆಗೆಯುವುದರ ಜೊತೆಗೆ ಕಾಡಿನಲ್ಲಿ ಆದ ಗಾಯ ಹುಡುಕುವುದೂ ಆಗಲೇ. ಕಿವಿಯ ಅಂಚಿನಲ್ಲಿ, ಸೊಂಡಿಲ ಬುಡದಲ್ಲಿ ಕಾಣುವ ಗುಲಾಬಿ ಮಚ್ಚೆ ರೋಗವಲ್ಲ, ವಯಸ್ಸಾದಂತೆ ಬಣ್ಣ ಕಳೆದ ಚರ್ಮ. ಮಕ್ಕಳಿಗೆ ಉಗುರು ಎಣಿಸಲು ಹೇಳಿ: ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮರಿಯಾನೆ ಇದ್ದರಂತೂ ಮಕ್ಕಳನ್ನು ಎಬ್ಬಿಸಿಕೊಂಡು ಬರುವುದೇ ಕಷ್ಟ. ಅದು ಎಷ್ಟೇ ಮುದ್ದಾಗಿದ್ದರೂ ತಾಯಿ ಮತ್ತು ಮರಿಯ ನಡುವೆ ಯಾರೂ ನಿಲ್ಲಬಾರದು.

ಕೊರತೆಗಳೂ ಇವೆ. ರಜೆಯ ದಿನ ಜಂಗುಳಿ ವಿಪರೀತ. ಒಂಬತ್ತೂವರೆ ದಾಟಿದರೆ ಮುಂದಿನ ಸಾಲಿನವರ ಮೊಬೈಲೇ ಆನೆಗಿಂತ ಹೆಚ್ಚು ಕಾಣುತ್ತದೆ. ನೀರಂಚಿನ ಮಣ್ಣು ಜಾರುತ್ತದೆ, ಹಬ್ಬದ ಹೊಸ ಚಪ್ಪಲಿ ಬೇಡ. ವಯಸ್ಸಾದವರನ್ನು ಕೆಳಗೆ ಇಳಿಸದೆ ಮೇಲಿನಿಂದಲೇ ತೋರಿಸಿ. ಮಿಕ್ಕಿದ ಹೋಳಿಗೆ, ಉಂಡೆ ಕಟ್ಟಿಕೊಂಡು ಬಂದು ಆನೆಗೆ ಕೊಡುವ ಆಸೆ ಬಿಟ್ಟುಬಿಡಿ; ಅವುಗಳ ಮೇವು ಮಾವುತರ ಕೈಯಲ್ಲೇ ಆಗಬೇಕು. ಕಾರಿಲ್ಲದಿದ್ದರೆ ತೀರ್ಥಹಳ್ಳಿ ಬಸ್ ಹತ್ತಿ ಕಂಡಕ್ಟರಿಗೆ ಮೊದಲೇ ಹೇಳಿಟ್ಟರೆ ಇಳಿಸುತ್ತಾರೆ.

ಬರುವ ದಾರಿಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟು ಸಿಗುತ್ತದೆ, ಹತ್ತು ನಿಮಿಷ ಸಾಕು. ಹೋಟೆಲಿನ ಊಟ ಬೇಡ, ನಾಲ್ಕು ದಿನ ಎಣ್ಣೆ ತಿಂದ ಹೊಟ್ಟೆಗೆ ತಂಬುಳಿ ಅನ್ನವೇ ಹಿತ. ಹೊರಡುವ ಮೊದಲೇ ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿ ಜೊತೆ ರುಬ್ಬಿಡಿ. ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸುವುದು ಮಾತ್ರ ಬಂದ ಮೇಲೆ, ಇಲ್ಲವಾದರೆ ಹುಳಿಯಾಗುತ್ತದೆ. ಕುದಿಸಿದರೆ ಒಡೆಯುತ್ತದೆ.

ಜೂನ್‌ನಿಂದ ಅಕ್ಟೋಬರ್ ಒಳಗಿನ ರಜೆಯಾದರೆ ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ ಪಕ್ಷಿಧಾಮ ಸೇರಿಸಬಹುದು. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಗೂಡು ದಡದಿಂದಲೇ ಕಾಣುತ್ತವೆ. ನವೆಂಬರಿನಲ್ಲಿ ಹಕ್ಕಿಗಳು ಬಹುತೇಕ ಖಾಲಿ. ಬೆಳಗ್ಗೆ ಏಳಲು ಯಾರೂ ಒಪ್ಪದ ಮನೆಯವರು ಸಕ್ರೆಬೈಲು ಬಿಟ್ಟು ಸಾಗರ ರಸ್ತೆಯ ತ್ಯಾವರೆಕೊಪ್ಪ ಹುಲಿ-ಸಿಂಹಧಾಮಕ್ಕೆ ಹೋಗುವುದು ಮೇಲು. ಅದಕ್ಕೆ ಮಂಗಳವಾರ ವಾರದ ರಜೆ.